ಒಗ್ಗುವುದು ಮೈ, ಚರ್ಮ ಅಲ್ಲ

ಪ್ರಶ್ನೆ: ಡಾಕ್ಟ್ರೇ, ನನಗೆ 27 ವರ್ಷ. ಊರು ಶಿರಸಿ ಹತ್ತಿರದ ಒಂದು ಹಳ್ಳಿ. ಸರ್ಕಾರಿ ಕೆಲಸ ಸಿಕ್ಕಿ ಕಲಬುರಗಿಗೆ ಬಂದು ಒಂದೂವರೆ ವರ್ಷ ಆಯಿತು. ಹುಟ್ಟಿನಿಂದಲೂ ನಾನು ತುಂಬಾ ಬಿಳಿ, ಅಪ್ಪ ಮತ್ತು ಅಜ್ಜಿ ಕೂಡ ಹಾಗೇ. ಶಾಲೆಯಲ್ಲಿ "ಬಿಳಿ ಜಿರಲೆ" ಅನ್ನುತ್ತಿದ್ದರು. ಇಲ್ಲಿ ಆಫೀಸಿನಲ್ಲಿ "ಮೈಯಾಗ ರಕ್ತ ಇಲ್ಲೇನ್ರೀ ನಿಮಗ?" ಅಂತ ಕೇಳುತ್ತಾರೆ. ಊರಿನಲ್ಲಿ ಯಾವತ್ತೂ ಬಿಸಿಲು ಸುಟ್ಟದ್ದು ನೆನಪಿಲ್ಲ. ಹೋದ ಬೇಸಿಗೆ ಇಲ್ಲಿ ತೋಳು ಕೆಂಪಾಗಿ ಸಿಪ್ಪೆ ಎದ್ದಿತು. ಈ ವರ್ಷ ಏಪ್ರಿಲ್‌ನಿಂದ ಆಫೀಸ್ ಟೈಮ್ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಆಗಿದೆ. ಮೂರನೇ ದಿನ ಸ್ಕೂಟಿಯಲ್ಲಿ ಮನೆಗೆ ಬಂದದ್ದು 25 ನಿಮಿಷ ಅಷ್ಟೇ, ಸಂಜೆ ಹೊತ್ತಿಗೆ ಎರಡೂ ಮುಂಗೈ ಕೆಂಡ ಮೆತ್ತಿದ ಹಾಗೆ ಉರಿ. ಸನ್‌ಸ್ಕ್ರೀನ್ ಎಸ್‌ಪಿಎಫ್ 50ರದ್ದೇ ಹಚ್ಚುತ್ತೇನೆ, ಉಪಯೋಗ ಇಲ್ಲ. ಮೂಗಿನ ಮೇಲಿನ ಕಂದು ಚುಕ್ಕಿಗೆ ಗೆಳತಿ ಹೇಳಿದ ಒಂದು ಕ್ರೀಮನ್ನು ಜನವರಿಯಿಂದ ಮುಖಕ್ಕೆ ಹಚ್ಚುತ್ತಿದ್ದೇನೆ. ಮೊಡವೆಗೆ ಫೆಬ್ರವರಿಯಿಂದ ಡಾಕ್ಸಿಸೈಕ್ಲಿನ್ ಮಾತ್ರೆ ನಡೆಯುತ್ತಿದೆ. ಹಿಮೋಗ್ಲೋಬಿನ್ 12.6, ವಿಟಮಿನ್ ಡಿ 14. ಮನೆ ಓನರ್ ಆಂಟಿ "ದಿನಾ ಹತ್ತು ನಿಮಿಷ ಮಾಳಿಗಿ ಮ್ಯಾಲ ನಿಂದ್ರು, ಮೈ ಒಗ್ಗತದ" ಅನ್ನುತ್ತಾರೆ. ನಿಲ್ಲಲಾ? ಸಿಡ್ನಿಯಲ್ಲಿರುವ ಅಣ್ಣ ಚರ್ಮದ ಕ್ಯಾನ್ಸರ್ ಅಂತ ಹೆದರಿಸುತ್ತಾನೆ. ಸ್ವಲ್ಪ ಕಪ್ಪಾದರೆ ಈ ಎಲ್ಲ ಕಾಟ ತಪ್ಪುತ್ತದೆ ಅನಿಸುತ್ತದೆ.
– ಹೆಸರು ಬೇಡ, ಕಲಬುರಗಿ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಚರ್ಮದ ಡಾಕ್ಟರ ಹತ್ತಿರ "ಬೆಳ್ಳಗೆ ಮಾಡಿ" ಅಂತ ಬರುವವರೇ ನೂರಕ್ಕೆ ತೊಂಬತ್ತು. "ಸ್ವಲ್ಪ ಕಪ್ಪಾಗಲಿ" ಅನ್ನುವವರು ಅಪರೂಪ. ಅದಕ್ಕೇ ನಿಮ್ಮ ತೊಂದರೆಯನ್ನು ಯಾರೂ ತೊಂದರೆ ಅಂತ ಒಪ್ಪುವುದಿಲ್ಲ, "ಬೆಳ್ಳಗಿದ್ದೀಯಲ್ಲ, ಇನ್ನೇನು ಬೇಕು" ಅಂತ ಬಾಯಿ ಮುಚ್ಚಿಸುತ್ತಾರೆ. ಅದೇ ಬಾಯಿಂದ "ಬಿಳಿ ಜಿರಲೆ" ಅಂತಲೂ ಅನ್ನುತ್ತಾರೆ. ನಮ್ಮ ಜನಕ್ಕೆ ಬಿಳುಪು ಬೇಕು, ಆದರೆ ಅವರು ಮನಸ್ಸಿನಲ್ಲಿ ಇಟ್ಟುಕೊಂಡಿರುವ ಅಳತೆಯಷ್ಟೇ ಇರಬೇಕು. ಈ ಕಡೆ ಹಳ್ಳಿಗಳಲ್ಲಿ ಬೆಳ್ಳಗಿರುವವರನ್ನು "ಕೆಂಪಗ ಅದಾಳ" ಅನ್ನುವುದು ಕೇಳಿರಬಹುದು. ಮೈಯಲ್ಲಿ ರಕ್ತ ಓಡಾಡುವುದು ಕಾಣಬೇಕು ಅನ್ನುವ ಲೆಕ್ಕ ಅದು. ನಿಮ್ಮ ಬಿಳುಪಿನಲ್ಲಿ ಆ ಕೆಂಪು ಕಾಣಲಿಲ್ಲ ಅಂತ ರಕ್ತದ ಮಾತು ಬಂದಿದೆ.

ರಕ್ತದ ವಿಷಯ ಮೊದಲು ಮುಗಿಸಿಬಿಡೋಣ. ಕೇಳುವವರು ಬರೀ ಚುಡಾಯಿಸುತ್ತಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇದೆ. ಹಾಗಾಗಿ ಬಿಳಿಚಿಕೊಂಡ ಮುಖ ಕಂಡರೆ ಅನುಮಾನ ಬರುವುದು ಸಹಜ. ಆದರೆ ರಕ್ತ ಕಡಿಮೆ ಇದೆಯಾ ಅಂತ ನಾವು ಕೆನ್ನೆ ನೋಡಿ ಹೇಳುವುದಿಲ್ಲ. ಕೆಳಗಿನ ರೆಪ್ಪೆ ಎಳೆದು ಒಳಗಿನ ಬಣ್ಣ ನೋಡುತ್ತೇವೆ, ನಾಲಿಗೆ, ಉಗುರು, ಅಂಗೈ ಗೆರೆ ನೋಡುತ್ತೇವೆ. ಹುಟ್ಟು ಬಿಳುಪಿನವರಿಗೂ ರಕ್ತ ಸಾಕಷ್ಟು ಇದ್ದರೆ ರೆಪ್ಪೆಯ ಒಳಗೆ ದಾಳಿಂಬೆ ಬಣ್ಣ ಇರುತ್ತದೆ. ಗರ್ಭಿಣಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಇದ್ದರೆ ಸಾಕು, ನಿಮ್ಮದು 12.6. ಇನ್ನೊಮ್ಮೆ ಯಾರಾದರೂ ಕೇಳಿದರೆ ನಂಬರ್ ಹೇಳಿ, ಮಾತು ಅಲ್ಲಿಗೇ ನಿಲ್ಲುತ್ತದೆ.

ಈಗ ನಿಜವಾದ ಪ್ರಶ್ನೆ. ಊರಿನಲ್ಲಿ ಸುಡದ ಚರ್ಮ ಇಲ್ಲಿ ಯಾಕೆ ಸುಡುತ್ತಿದೆ?

"ಕಲಬುರಗಿ ಅಂದರೆ 42 ಡಿಗ್ರಿ, ಸುಡದೆ ಇನ್ನೇನು" ಅಂತ ಎಲ್ಲರೂ ಹೇಳುತ್ತಾರೆ. ಅಲ್ಲ. 42 ಡಿಗ್ರಿ ಚರ್ಮ ಸುಡುವುದಿಲ್ಲ. ಬಿಸಿಲಿನಲ್ಲಿ ಎರಡು ಸಂಗತಿ ಒಟ್ಟಿಗೆ ಬರುತ್ತವೆ. ಒಂದು ಬಿಸಿ, ಇನ್ನೊಂದು ಕಣ್ಣಿಗೆ ಕಾಣದ ನೇರಳಾತೀತ ಬೆಳಕು, ಅಂದರೆ ಯುವಿ. ಬಿಸಿ ಮೈಗೆ ಗೊತ್ತಾಗುತ್ತದೆ, ನೆರಳಿಗೆ ಓಡಿಸುತ್ತದೆ. ಯುವಿ ಗೊತ್ತೇ ಆಗುವುದಿಲ್ಲ. ಮಧ್ಯಾಹ್ನ ಬಿದ್ದದ್ದು ಸಂಜೆ ಹೊತ್ತಿಗೆ ಉರಿಯುತ್ತದೆ, 12ರಿಂದ 24 ಗಂಟೆಯೊಳಗೆ ಕೆಂಪು ಅತಿ ಜಾಸ್ತಿ ಆಗುತ್ತದೆ, ಆಮೇಲೆ ಕೆಲವು ದಿನಕ್ಕೆ ಸಿಪ್ಪೆ ಏಳುತ್ತದೆ. ನಿಮಗೂ ಹಾಗೇ ಆಗಿದೆ ಅಲ್ವಾ? ಬೆಂಗಳೂರಿನಲ್ಲಿ ಹವೆ ಹಿತವಾಗಿರುತ್ತದೆ, ಆದರೆ ಊರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಎತ್ತರಕ್ಕೆ ಹೋದಷ್ಟೂ ಯುವಿ ಜಾಸ್ತಿ. ಅಲ್ಲಿ ಏಪ್ರಿಲ್‌ನಲ್ಲಿ ತಣ್ಣನೆ ಗಾಳಿಗೆ ಮುಖ ಒಡ್ಡಿ ಕ್ರಿಕೆಟ್ ಆಡಿ ಮೂಗು ಸುಟ್ಟುಕೊಂಡು ಬರುವ ಹುಡುಗರು ಇದ್ದಾರೆ.

ಶಿರಸಿಯ ಮೇಲೂ ಬೀಳುವುದು ಇದೇ ಸೂರ್ಯನ ಬೆಳಕು. ಆದರೆ ನೀವು ಬೆಳೆದದ್ದು ಅದರ ಕೆಳಗಲ್ಲ, ಅಡಿಕೆ ತೋಟದ ಕೆಳಗೆ, ಹಲಸಿನ ಮರದ ಕೆಳಗೆ, ಮಾಡಿನ ಕೆಳಗೆ. ಶಾಲೆಗೆ ಹೋಗುವ ದಾರಿಯೂ ಅರ್ಧ ನೆರಳು. ತೋಟದ ಕೆಲಸಕ್ಕೆ ಹೋಗುವವರ ತಲೆ ಮೇಲೆ ಹಾಳೆ ಟೊಪ್ಪಿ. ನಿಮ್ಮ ಅಜ್ಜಿ ಸನ್‌ಸ್ಕ್ರೀನ್ ಹೆಸರೂ ಕೇಳದೆ ಅದೇ ಚರ್ಮ ಹೊತ್ತು ಬಾಳಿದ್ದು ಹೀಗೆ. ನೀವು ಆ ನೆರಳನ್ನು ಬಿಟ್ಟು ಬಂದಿದ್ದೀರಿ. ಚರ್ಮ ಇದ್ದ ಹಾಗೇ ಇದೆ.

ಇನ್ನು ಆ ಆಫೀಸ್ ಟೈಮ್. ಕಲಬುರಗಿ ವಿಭಾಗಕ್ಕೆ ಬೇಸಿಗೆಯಲ್ಲಿ ಬೆಳಿಗ್ಗೆ 8ರಿಂದ 1.30ರ ವೇಳೆ ಮಾಡುವುದು ಬಿಸಿಲ ಝಳದಿಂದ ನೌಕರರನ್ನು ಉಳಿಸಲು, ಅದು ಒಳ್ಳೆಯದೇ. ಮೂರು-ನಾಲ್ಕು ಗಂಟೆಯ ಸೆಕೆ ತಪ್ಪುತ್ತದೆ. ಆದರೆ ಯುವಿ ಲೆಕ್ಕ ಬೇರೆ. ನಮ್ಮ ಗಡಿಯಾರ ನಡೆಯುವುದು ಅಲಹಾಬಾದ್ (ಈಗಿನ ಪ್ರಯಾಗ್‌ರಾಜ್) ಕಡೆ ಹಾದುಹೋಗುವ ರೇಖೆಯ ಸಮಯಕ್ಕೆ. ನಾವು ಅದಕ್ಕಿಂತ ಪಶ್ಚಿಮಕ್ಕಿದ್ದೇವೆ, ಅದಕ್ಕೇ ಕಲಬುರಗಿಯಲ್ಲಿ ಸೂರ್ಯ ನೆತ್ತಿಗೆ ಬರುವುದು 12ಕ್ಕಲ್ಲ, ಸುಮಾರು 12.20ಕ್ಕೆ. ನೀವು ಸ್ಕೂಟಿ ಸ್ಟಾರ್ಟ್ ಮಾಡುವ 1.30 ಅಂದರೆ ನೆತ್ತಿಯಿಂದ ಒಂದು ಗಂಟೆ ಸರಿದಿದೆ ಅಷ್ಟೇ. ಆ ಹೊತ್ತಿನಲ್ಲಿ ನಿಂತು ನಿಮ್ಮ ನೆರಳು ನೋಡಿಕೊಳ್ಳಿ, ಮೊಣಕಾಲುದ್ದ ಇದ್ದರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಯುವಿ ಸೂಚ್ಯಂಕದಲ್ಲಿ 8 ದಾಟಿದರೆ ತುಂಬಾ ಜಾಸ್ತಿ, 11 ದಾಟಿದರೆ ಅತಿ. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ 11 ದಾಟುವುದು ಮಾಮೂಲಿ. ಫೋನಿನ ಹವಾಮಾನ ಆ್ಯಪ್‌ನಲ್ಲಿ ಡಿಗ್ರಿ ನೋಡುತ್ತೀರಲ್ಲ, ಸ್ವಲ್ಪ ಕೆಳಗೆ ಸರಿಸಿದರೆ ಯುವಿ ಅಂತ ಇನ್ನೊಂದು ಅಂಕಿ ಇರುತ್ತದೆ. ನಿಮಗೆ ಬೇಕಾದದ್ದು ಅದು. ಆ್ಯಪ್ ಬೇಡ ಅಂದರೆ ನೆರಳೇ ಸಾಕು. ನೆರಳು ನಿಮ್ಮ ಎತ್ತರಕ್ಕಿಂತ ಗಿಡ್ಡ ಇದ್ದಷ್ಟು ಹೊತ್ತು ಎಚ್ಚರ. ಏಪ್ರಿಲ್‌ನಲ್ಲಿ ಅದು ಹೆಚ್ಚುಕಡಿಮೆ ಒಂಬತ್ತೂವರೆಯಿಂದ ಮೂರೂವರೆ. ಮೇ ಎರಡನೇ ವಾರದಲ್ಲಿ ಕಲಬುರಗಿಗೆ ಶೂನ್ಯ ನೆರಳಿನ ದಿನ ಬರುತ್ತದೆ, ಅಂದು 12.20ರ ಹೊತ್ತಿಗೆ ನೆಟ್ಟಗೆ ನಿಂತ ಕಂಬಕ್ಕೂ ನೆರಳಿಲ್ಲ.

ಆದರೂ 25 ನಿಮಿಷಕ್ಕೆ ಮುಂಗೈ ಕೆಂಡ ಮೆತ್ತಿದ ಹಾಗೆ ಆಗುವುದು ಬರೀ ಬಿಳುಪಿನಿಂದ ಅಲ್ಲ. ನನಗೆ ಅನುಮಾನ ನೀವು ಪತ್ರದಲ್ಲಿ ಸುಮ್ನೆ ಹೇಳಿ ಮುಂದೆ ಹೋದ ಎರಡು ವಸ್ತುಗಳ ಮೇಲೆ.

ಮೊದಲನೆಯದು ಆ ಮಾತ್ರೆ. ಡಾಕ್ಸಿಸೈಕ್ಲಿನ್ ಮೊಡವೆಗೆ ಒಳ್ಳೆಯ ಔಷಧ, ನಾನೂ ಬರೆಯುತ್ತೇನೆ. ಆದರೆ ಅದು ಮೈಯಲ್ಲಿರುವಾಗ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅದನ್ನು ಕೆಣಕುವುದು ಮುಖ್ಯವಾಗಿ ಯುವಿಯಲ್ಲೇ ಒಂದು ಬಗೆಯಾದ ಯುವಿಎ ಅನ್ನುವ ಕಿರಣ, ಅದು ಕಿಟಕಿ ಗಾಜಿನೊಳಗಿಂದಲೂ ಬರುತ್ತದೆ. ಬಿಸಿಲು ತಾಗುವ ಮುಂಗೈ, ಮೂಗು, ಕತ್ತಿನ ಹಿಂಭಾಗ ಮೊದಲು ಉರಿಯುತ್ತವೆ. ಕೆಲವರಿಗೆ ಉಗುರು ತುದಿಯಿಂದ ಬಿಟ್ಟುಕೊಂಡು ಅಡಿಯಲ್ಲಿ ಬೆಳ್ಳಗೆ ಕಾಣುತ್ತದೆ, ಅದನ್ನೂ ನೋಡಿಕೊಳ್ಳಿ. ಫೆಬ್ರವರಿಯಲ್ಲಿ ಶುರು ಮಾಡಿ ಏಪ್ರಿಲ್‌ನಲ್ಲಿ ಸುಟ್ಟದ್ದು ಲೆಕ್ಕಕ್ಕೆ ಕೂಡುತ್ತದೆ. ನೀವೇ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ "ಬಿಸಿಲಿಗೆ ಕೈ ಸುಟ್ಟಿತು, ಬದಲಿ ಇದೆಯಾ" ಅಂತ ಕೇಳಿ. ಬದಲಿ ಇದೆ. ಬೇಸಿಗೆ ಮುಗಿಯುವವರೆಗೆ ಹಚ್ಚುವ ಔಷಧದಲ್ಲೇ ಸಾಗಿಸಬಹುದು, ಇಲ್ಲವೇ ಬೇರೆ ಮಾತ್ರೆ ಕೊಡಬಹುದು. ಬಿ.ಪಿ.ಗೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಕೂಡ ಇದೇ ಜಾತಿಯ ತೊಂದರೆ ಕೊಡುತ್ತದೆ. ನಿಮ್ಮ ಅಪ್ಪ ಬೆಳ್ಳಗಿದ್ದಾರೆ ಅಂದಿರಿ, ಅವರಿಗೆ ಬಿ.ಪಿ. ಮಾತ್ರೆ ಇದ್ದರೆ ಚೀಟಿ ಒಮ್ಮೆ ನೋಡಿ.

ಎರಡನೆಯದು ಗೆಳತಿ ಹೇಳಿದ ಕ್ರೀಮು. ಟ್ಯೂಬಿನ ಹಿಂದೆ ಸಣ್ಣ ಅಕ್ಷರದಲ್ಲಿ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್ ಅಂತ ಮೂರು ಹೆಸರು ಇವೆಯಾ ನೋಡಿ. ಇದ್ದರೆ ಅದು ಭಂಗು, ಅಂದರೆ ಕೆನ್ನೆ ಮೇಲೆ ಹರಡುವ ಕಂದು ಕಲೆಗೆ ಡಾಕ್ಟರು ಕೆಲವೇ ವಾರ ಬರೆಯುವ ಔಷಧ. ಮೆಡಿಕಲ್ ಶಾಪಿನಲ್ಲಿ ಬಿಸ್ಕೆಟ್ ಪ್ಯಾಕೆಟ್ ಕೊಟ್ಟಷ್ಟು ಸಲೀಸಾಗಿ ಕೊಡುತ್ತಾರೆ, ನಮ್ಮ ಊರುಗಳ ದೊಡ್ಡ ಪಿಡುಗು ಇದು. ಕೊನೆಯದು ಸ್ಟೀರಾಯ್ಡ್. ಹಚ್ಚಿದ ಎರಡೇ ವಾರಕ್ಕೆ ಮುಖ ಫಳಫಳ ಅನ್ನುತ್ತದೆ, ಅದಕ್ಕೇ ಎಲ್ಲರೂ ಮರುಳಾಗುತ್ತಾರೆ. ಮೂರು-ನಾಲ್ಕು ತಿಂಗಳಾದರೆ ಚರ್ಮ ತೆಳ್ಳಗಾಗಿ ಕೆಂಪು ನರಗಳು ಕಾಣತೊಡಗುತ್ತವೆ, ಮೊಡವೆ ಏಳುತ್ತವೆ, ಗ್ಯಾಸ್ ಒಲೆ ಮುಂದೆ ನಿಂತರೂ ಮುಖ ಉರಿಯುತ್ತದೆ. ನಿಮಗೆ ಜನವರಿಯಲ್ಲಿ ಕ್ರೀಮು, ಫೆಬ್ರವರಿಯಲ್ಲಿ ಮೊಡವೆ. ಆ ಮೊಡವೆ ಈ ಕ್ರೀಮಿನದ್ದೇ ಇರಬಹುದು, ಅಂದರೆ ಕ್ರೀಮು ಎಬ್ಬಿಸಿದ ಮೊಡವೆಗೆ ಮಾತ್ರೆ, ಮಾತ್ರೆಯಿಂದ ಕೈ ಸುಟ್ಟದ್ದು. ನೋಡದೆ ಖಚಿತ ಹೇಳಲಾರೆ, ಆದರೆ ಈ ಸರಪಳಿ ನನ್ನ ಟೇಬಲ್ ಮುಂದೆ ಎಷ್ಟೋ ಸಲ ಬಂದು ಕೂತಿದೆ. ಒಮ್ಮೆಲೇ ನಿಲ್ಲಿಸಿದರೆ ಮುಖ ಕೆಂಡಾಮಂಡಲ ಆಗುವ ಸಾಧ್ಯತೆ ಇದೆ, ಹಾಗಾಗಿ ಚರ್ಮದ ಡಾಕ್ಟರಿಗೆ ತೋರಿಸಿ ಹಂತಹಂತವಾಗಿ ಬಿಡಿ. ನಾಚಿಕೆಪಟ್ಟು ಕ್ರೀಮಿನ ಸುದ್ದಿ ಮುಚ್ಚಿಡಬೇಡಿ, ಟ್ಯೂಬನ್ನೇ ತೆಗೆದುಕೊಂಡು ಹೋಗಿ.

ಅಂದಹಾಗೆ ಆ ಕಂದು ಚುಕ್ಕಿಗಳು ರೋಗ ಅಲ್ಲ. ಬಿಳಿ ಚರ್ಮದವರಿಗೆ ವಂಶದಲ್ಲೇ ಬರುತ್ತವೆ, ಬೇಸಿಗೆಯಲ್ಲಿ ಗಾಢವಾಗಿ ಮಳೆಗಾಲದಲ್ಲಿ ಮಸುಕಾಗುತ್ತವೆ. ಅಜ್ಜಿಯ ಮೂಗಿನ ಮೇಲೂ ಹುಡುಕಿ ನೋಡಿ.

ಈಗ ಮಾಳಿಗೆ ಮೇಲೆ ನಿಂತು ಒಗ್ಗಿಸಿಕೊಳ್ಳುವ ವಿಷಯ. ಓನರ್ ಆಂಟಿ ಹೇಳಿದ್ದರಲ್ಲಿ ಅರ್ಧ ನಿಜ ಇದೆ. ಮೈ ಬಿಸಿಗೆ ಒಗ್ಗುತ್ತದೆ. ಹೊಸದಾಗಿ ಸೆಕೆಯ ಊರಿಗೆ ಬಂದವರಿಗೆ ಒಂದೆರಡು ವಾರದಲ್ಲಿ ಬೆವರು ಬೇಗ ಬರತೊಡಗುತ್ತದೆ, ಬೆವರಿನಲ್ಲಿ ಉಪ್ಪು ಕಡಿಮೆ ಹೋಗುತ್ತದೆ, ಎದೆಬಡಿತ ಹದಕ್ಕೆ ಬರುತ್ತದೆ. ಇದನ್ನೇ ನಮ್ಮ ಹಿರಿಯರು ಒಗ್ಗುವುದು ಅಂದರು, ಸರಿಯಾಗಿಯೇ ಅಂದರು. ಯುವಿಗೆ ನಿಮ್ಮ ಥರದ ಚರ್ಮ ಹಾಗೆ ಒಗ್ಗುವುದಿಲ್ಲ.

ಯಾಕೆ ಅಂದರೆ, ಬಣ್ಣ ಮಾಡುವ ಜೀವಕೋಶಗಳು ನನ್ನಲ್ಲೂ ನಿಮ್ಮಲ್ಲೂ ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯಲ್ಲಿವೆ. ನಾನು ಎಣ್ಣೆಗಪ್ಪು. ನನ್ನ ಕೋಶಗಳು ಮೆಲನಿನ್ ಅನ್ನುವ ಬಣ್ಣದ ದೊಡ್ಡ ದೊಡ್ಡ ಕಾಳು ಮಾಡಿ ಪಕ್ಕದ ಕೋಶಗಳಿಗೆ ಹಂಚುತ್ತವೆ, ಅವು ಕೊಡೆಯ ಹಾಗೆ ಕೋಶದ ನಡುಭಾಗದ ಮೇಲೆ ಕೂತು ಡಿಎನ್‌ಎಯನ್ನು ಕಾಯುತ್ತವೆ. ನಿಮ್ಮ ಕೋಶಗಳು ಮಾಡುವುದು ಸಣ್ಣ ಕಾಳು, ಕಡಿಮೆ ಕಾಳು. ಇದು ಕೊರತೆಯೂ ಅಲ್ಲ, ಕಾಯಿಲೆಯೂ ಅಲ್ಲ. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಕೇಂದ್ರದ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚರ್ಮ ತಿಳಿಯಾಗಿಸುವ ಒಂದು ಜೀನ್ ವ್ಯತ್ಯಾಸ ನಮ್ಮವರಲ್ಲಿ ಇರುವುದೂ ಯುರೋಪಿನವರಲ್ಲಿ ಇರುವುದೂ ಒಂದೇ ಮೂಲದ್ದು ಅಂತ ತೋರಿಸಿದರು. ಒಂದೇ ಮನೆಯ ಅಕ್ಕತಂಗಿಯರಲ್ಲಿ ಒಬ್ಬಳು ಗೋಧಿಬಣ್ಣ, ಒಬ್ಬಳು ಹಾಲುಬಣ್ಣ ಆಗುವುದು ಇಂಥ ಹಲವು ಜೀನ್‌ಗಳ ಲಾಟರಿಯಿಂದ.

ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ಡಾಕ್ಟರ್ 1975ರಲ್ಲಿ ಚರ್ಮವನ್ನು ವಿಂಗಡಿಸುವ ಒಂದು ಅಳತೆ ತಂದರು, ಈಗ ಅದರಲ್ಲಿ ಆರು ದರ್ಜೆ ಇವೆ. ಅವರು ಬಣ್ಣ ಒಂದನ್ನೇ ಕೇಳಲಿಲ್ಲ, ಬಿಸಿಲು ಬಿದ್ದರೆ ಏನಾಗುತ್ತದೆ ಅಂತ ಕೇಳಿದರು. ಕೆಂಪಾಗಿ ಸುಡುತ್ತದಾ, ಸುಡದೆ ಕಂದುತ್ತದಾ? ನಮ್ಮವರಲ್ಲಿ ಹೆಚ್ಚಿನವರು ನಾಲ್ಕು, ಐದನೇ ದರ್ಜೆ. ಬೆಳ್ಳಗಿದ್ದೂ ಬಿಸಿಲಿಗೆ ಬೇಗ ಕಂದುವವರು ಇದ್ದಾರೆ, ಅವರು ಮೂರು. ನೀವು ಮಾತ್ರೆ ಇಲ್ಲದೆಯೂ ಹೋದ ವರ್ಷ ಸುಟ್ಟು ಸಿಪ್ಪೆ ಎದ್ದವರು, ಎರಡು ಮತ್ತು ಮೂರರ ಗಡಿಯಲ್ಲಿ ಎಲ್ಲೋ ಇದ್ದೀರಿ. ಇಂಥ ಚರ್ಮ ಮಾಳಿಗೆ ಮೇಲೆ ನಿಂತರೆ ಮೊದಲು ಸುಡುತ್ತದೆ, ಆಮೇಲೆ ಸ್ವಲ್ಪ ಕಂದುತ್ತದೆ. ಆ ಕಂದು ಅಂದರೆ ಡಿಎನ್‌ಎಗೆ ಪೆಟ್ಟು ಬಿದ್ದ ಮೇಲೆ ಎದ್ದ ಗೋಡೆ. ಆ ಗೋಡೆಯ ಬಲವೂ ಸನ್‌ಸ್ಕ್ರೀನ್ ಬಲದ ಅಳತೆಯಾದ ಎಸ್‌ಪಿಎಫ್‌ನಲ್ಲಿ 3 ಅಥವಾ 4ರಷ್ಟೇ. ಮೆಡಿಕಲ್ ಶಾಪಿನಲ್ಲಿ 30, 50ರ ಟ್ಯೂಬ್ ಸಿಗುವಾಗ ಮೂರಕ್ಕಾಗಿ ಚರ್ಮ ಸುಟ್ಟುಕೊಳ್ಳುವುದು ನಷ್ಟದ ವ್ಯಾಪಾರ. ಹೊರದೇಶದಲ್ಲಿ ಮೈ ಕಂದಿಸಲು ಯುವಿ ದೀಪದ ಹಾಸಿಗೆಗಳಿವೆ, ಅವನ್ನು 2009ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕಿನ ಜೊತೆ ಒಂದೇ ಗುಂಪಿಗೆ ಸೇರಿಸಿತು. ಮುಖ ಸ್ವಲ್ಪ ಗಾಢ ಕಾಣಬೇಕು ಅಂತಲೇ ಆಸೆ ಇದ್ದರೆ ಒಂದು ಶೇಡ್ ಗಾಢವಾದ ಮೇಕಪ್ ಹಚ್ಚಿ, ಸಂಜೆ ತೊಳೆದರಾಯಿತು.

ವಿಟಮಿನ್ ಡಿ 14, ಅದು ಕಡಿಮೆಯೇ. ಆದರೆ ಅದಕ್ಕೂ ಮಾಳಿಗೆ ಬೇಡ. ಬಿಳಿ ಚರ್ಮ ವಿಟಮಿನ್ ಡಿಯನ್ನು ನನ್ನಂಥವರಿಗಿಂತ ಬಹಳ ಬೇಗ ಮಾಡಿಕೊಳ್ಳುತ್ತದೆ, ಕೆಲವೇ ನಿಮಿಷ ಸಾಕು. ಆಮೇಲೆ ಎಷ್ಟು ಹೊತ್ತು ನಿಂತರೂ ಹೆಚ್ಚಾಗುವುದಿಲ್ಲ, ಚರ್ಮ ತಾನೇ ನಿಲ್ಲಿಸುತ್ತದೆ. ಇದನ್ನು ಮಾಡುವುದು ಯುವಿಯ ಇನ್ನೊಂದು ಬಗೆಯಾದ ಯುವಿಬಿ ಕಿರಣ. ತೀರಾ ಎಳೆ ಬಿಸಿಲಿನಲ್ಲಿ ಅದು ಇರುವುದೇ ಅತ್ಯಲ್ಪ, ಗಾಜಿನೊಳಗೆ ಬರುವುದೇ ಇಲ್ಲ. ಹಾಗಾಗಿ ಬೆಳಿಗ್ಗೆ ಆರೂವರೆಗೆ ಮಗುವನ್ನು ಬಿಸಿಲು ಕಾಯಿಸುವುದರಿಂದ ಮಗುವಿಗೆ ಹಿತ, ವಿಟಮಿನ್ ಲೆಕ್ಕಕ್ಕಿಲ್ಲ. ನಿಮಗೆ ಸುಲಭದ ದಾರಿ ಮಾತ್ರೆ. ಸಾಮಾನ್ಯವಾಗಿ 60 ಸಾವಿರ ಯೂನಿಟ್‌ನದ್ದು ವಾರಕ್ಕೊಂದು, ಎಂಟು ವಾರ ಕೊಡುತ್ತೇವೆ. ಡಾಕ್ಟರ್ ಬರೆದಷ್ಟೇ ನುಂಗಿ. ವಾರಕ್ಕೊಂದು ಅನ್ನುವುದನ್ನು ದಿನಕ್ಕೊಂದು ಅಂತ ತಿಳಿದು ನುಂಗಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರಿದ್ದಾರೆ.

ಇನ್ನು ಕಾಯುವುದು ಹೇಗೆ. ನನ್ನ ಕ್ರಮದಲ್ಲಿ ಬಟ್ಟೆ ಮೊದಲು, ಟ್ಯೂಬು ಆಮೇಲೆ. ಬಟ್ಟೆ ಬೆವರಿಗೆ ತೊಳೆದು ಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ಹಚ್ಚಬೇಕಾಗಿಲ್ಲ. ಈ ಕಡೆಯ ಹೆಂಗಸರು ತಲೆ ತುಂಬ ಸೆರಗು ಹೊದ್ದು ಹೊಲಕ್ಕೆ ಹೋಗುವುದನ್ನು ನೋಡಿದ್ದೀರಲ್ಲ. ಆ ಸೆರಗಿನ ನೇಯ್ಗೆ ಒತ್ತಾಗಿರುತ್ತದೆ, ಬಣ್ಣ ಗಾಢ. ಬೇಸಿಗೆಗೆ ಅಂತ ನಾವು ಕೊಳ್ಳುವ ತೆಳ್ಳನೆ ಬಿಳಿ ಕಾಟನ್ ಕುರ್ತಾ ಇದಕ್ಕೆ ಅಷ್ಟು ಒಳ್ಳೆಯದಲ್ಲ, ಬೆವರಿಗೆ ಒದ್ದೆಯಾದರೆ ಇನ್ನೂ ಕಡಿಮೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ, ಆಚೆಯ ಕಿಟಕಿ ಕಾಣಿಸಿದರೆ ಬಿಸಿಲೂ ಒಳಗೆ ಬರುತ್ತದೆ. ಸ್ಕೂಟಿಗೆ ಅಂತಲೇ ಒಂದು ಸಡಿಲವಾದ, ಗಾಢ ಬಣ್ಣದ, ಉದ್ದ ತೋಳಿನ ಅಂಗಿ ಇಟ್ಟುಕೊಳ್ಳಿ. ಬೆರಳ ತುದಿವರೆಗೆ ಮುಚ್ಚುವ ಗ್ಲೌಸ್ ಹಾಕಿ, ನಿಮ್ಮ ಮುಂಗೈಗೆ ಇದೊಂದೇ ಅರ್ಧ ಪರಿಹಾರ. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಓಡಿಸಿ, ಅದರ ಪಾಲಿಕಾರ್ಬೊನೇಟ್ ಯುವಿಯನ್ನು ಚೆನ್ನಾಗಿ ತಡೆಯುತ್ತದೆ. ನಡೆದು ಹೋಗುವಾಗ ಕೊಡೆ ಹಿಡಿಯಿರಿ. ಬೇಸಿಗೆಯಲ್ಲಿ ಕೊಡೆ ಹಿಡಿದರೆ ನಗುತ್ತಾರೆ ಅಂತ ಎಷ್ಟೋ ಜನ ಹೇಳುತ್ತಾರೆ. ನಕ್ಕವರು ಎರಡು ದಿನ ನಗುತ್ತಾರೆ, ಮೂರನೇ ದಿನ ಕೊಡೆಯೊಳಗೆ ಬರುತ್ತಾರೆ.

ಸನ್‌ಸ್ಕ್ರೀನ್ "ಉಪಯೋಗ ಇಲ್ಲ" ಅಂದಿರಲ್ಲ. ಒಂದು ಟ್ಯೂಬು ನಿಮಗೆ ಎಷ್ಟು ದಿನ ಬರುತ್ತದೆ? ಕಂಪನಿಯವರು ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ ಅಳೆಯುತ್ತಾರೆ. ಮುಖಕ್ಕೆ ಆ ಲೆಕ್ಕದಲ್ಲಿ ಒಂದು ಗ್ರಾಂಗಿಂತ ಚೂರು ಜಾಸ್ತಿ ಬೇಕು, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು. ದಿನಕ್ಕೆ ಎರಡು ಸಲ ಹೀಗೆ ಹಚ್ಚಿದರೆ 50 ಗ್ರಾಂ ಟ್ಯೂಬು ಮುಖಕ್ಕೇ ಮೂರು ವಾರದಲ್ಲಿ ಖಾಲಿ. ಬೇಸಿಗೆ ಪೂರ್ತಿ ಒಂದೇ ಟ್ಯೂಬು ಬಂದರೆ ನೀವು ಹಚ್ಚುತ್ತಿರುವುದು ಕಡಲೆಕಾಳಿನಷ್ಟು, ಅದರ ಬಲ 50 ಅಲ್ಲ. ದುಬಾರಿ ಆಗುತ್ತದೆ, ನಿಜ. ಅದಕ್ಕೇ ಕೈಗೆ ಬಟ್ಟೆ, ಮುಖಕ್ಕೆ ಟ್ಯೂಬು ಅಂದದ್ದು. 30ರದ್ದು ಸರಿಯಾಗಿ ಹಚ್ಚಿದರೆ ಯುವಿಬಿಯಲ್ಲಿ ನೂರಕ್ಕೆ 97 ಪಾಲು ತಡೆಯುತ್ತದೆ, 50ರದ್ದು 98. ಅಂದರೆ ಕಡಿಮೆ ಬೆಲೆಯ 30ರದ್ದನ್ನು ಧಾರಾಳವಾಗಿ ಹಚ್ಚುವುದು ದುಬಾರಿ 50ರದ್ದನ್ನು ಉಳಿಸಿ ಉಳಿಸಿ ಹಚ್ಚುವುದಕ್ಕಿಂತ ಮೇಲು. ಎಸ್‌ಪಿಎಫ್ ಹೇಳುವುದು ಮುಖ್ಯವಾಗಿ ಯುವಿಬಿ ಬಗ್ಗೆ. ಯುವಿಎಗೆ ಪಿಎ ಅಂತ ಬರೆದು ಮುಂದೆ ಪ್ಲಸ್ ಗುರುತು ಹಾಕಿರುತ್ತಾರೆ, ಮೂರು ಅಥವಾ ನಾಲ್ಕು ಪ್ಲಸ್ ಇರುವುದನ್ನೇ ಕೊಳ್ಳಿ. ಉರಿ ಇರುವ ಮುಖಕ್ಕೆ ಜಿಂಕ್ ಆಕ್ಸೈಡ್‌ನದ್ದು ತಣ್ಣಗಿರುತ್ತದೆ. ಅದು ಬೆಳ್ಳಗೆ ಕಾಣುತ್ತದೆ ಅಂತ ನನ್ನಂಥವರು ದೂರುತ್ತೇವೆ, ನಿಮ್ಮ ಮುಖದ ಮೇಲೆ ಅದು ಗೊತ್ತೇ ಆಗುವುದಿಲ್ಲ, ಬಿಳಿ ಬಣ್ಣಕ್ಕೆ ಇದೊಂದು ಲಾಭ ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ ಹೊರಡುವ ಕಾಲು ಗಂಟೆ ಮೊದಲು ಒಮ್ಮೆ, 1.15ಕ್ಕೆ ಆಫೀಸಿನಲ್ಲೇ ಮುಖ ಒರೆಸಿ ಇನ್ನೊಮ್ಮೆ. ಈ ಎರಡನೆಯದನ್ನೇ ಎಲ್ಲರೂ ಬಿಡುವುದು, ನಿಮ್ಮನ್ನು ಸುಡುವುದು ಆಗಿನ ಬಿಸಿಲೇ. ಟ್ಯೂಬನ್ನು ಸ್ಕೂಟಿ ಡಿಕ್ಕಿಯಲ್ಲಿ ಇಡಬೇಡಿ, ಆ ಕಾವಿಗೆ ಔಷಧ ಕೆಡುತ್ತದೆ.

ಕೊಬ್ಬರಿ ಎಣ್ಣೆ ಸನ್‌ಸ್ಕ್ರೀನ್ ಅಲ್ಲ. ಮಜ್ಜಿಗೆ, ಎಳನೀರು ಮೈಗೆ ಬೇಕು, ಚರ್ಮ ಸುಡುವುದನ್ನು ಅವು ತಪ್ಪಿಸುವುದಿಲ್ಲ. ಸುಟ್ಟ ಕೈಗೆ ಕಡಲೆಹಿಟ್ಟು ಅರಿಶಿನ ಹಾಕಿ ಉಜ್ಜುವುದು ಗಾಯದ ಮೇಲೆ ಬರೆ.

ನಿಂಬೆಹಣ್ಣಿನ ಬಗ್ಗೆ ಮಾತ್ರ ಬೇರೆಯಾಗಿ ಹೇಳಬೇಕು, ಯಾಕೆಂದರೆ ಇವತ್ತಲ್ಲ ನಾಳೆ ಯಾರೋ ನಿಮಗೆ ಅದನ್ನು ಹೇಳಿಯೇ ಹೇಳುತ್ತಾರೆ. ಕೆಲವು ವರ್ಷದ ಹಿಂದೆ, ಶರಣಬಸವೇಶ್ವರ ಜಾತ್ರೆ ಮುಗಿದ ಎರಡು ದಿನಕ್ಕೆ ಒಬ್ಬ ಹುಡುಗ ಬಂದ. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಮೂರು ಉದ್ದನೆ ಗೆರೆ, ಗೆರೆ ತುಂಬ ಬೊಕ್ಕೆ, ಮೇಣದಬತ್ತಿ ಕರಗಿ ಇಳಿದ ಹಾಗೆ. ತಾಯಿ "ಯಾರೋ ಮಾಡಿಸ್ಯಾರ್ರೀ" ಅಂತ ಅಳುತ್ತಿದ್ದರು. ಜಾತ್ರೆಯಲ್ಲಿ ಏನು ಸೇವೆ ಮಾಡಿದೆಯಪ್ಪಾ ಅಂತ ಕೇಳಿದೆ. ಬಂದವರಿಗೆ ಶರಬತ್ತು ಮಾಡಲು ಬಯಲಲ್ಲಿ ನಿಂತು ಮಧ್ಯಾಹ್ನವಿಡೀ ನಿಂಬೆಹಣ್ಣು ಹಿಂಡಿದ್ದನಂತೆ. ರಸ ಕೈಗುಂಟ ಇಳಿದಲ್ಲೆಲ್ಲ ಬಿಸಿಲು ಸುಟ್ಟಿತ್ತು. ನಿಂಬೆ ರಸ, ಸಿಪ್ಪೆಯ ಎಣ್ಣೆ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಹೀಗಾಗುತ್ತದೆ. ಬೊಕ್ಕೆ ವಾರದಲ್ಲಿ ಒಣಗಿತು, ಕಪ್ಪು ಗೆರೆ ಹೋಗಲು ತಿಂಗಳುಗಟ್ಟಲೆ ಬೇಕಾಯಿತು. ಇದೇ ನಿಂಬೆಯನ್ನು ಜನ ಕಂದು ಹೋಗಲಿ ಅಂತ ಮುಖಕ್ಕೆ ತಿಕ್ಕಿಕೊಳ್ಳುತ್ತಾರೆ.

ಮತ್ತೆ ಸುಟ್ಟರೆ ತಣ್ಣೀರಿನ ಬಟ್ಟೆ ಹಾಕಿ, ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ವಾಸನೆ ಇಲ್ಲದ ಮಾಯಿಶ್ಚರೈಸರ್ ಹಚ್ಚಿ. ಲೋಳೆಸರ ಹಚ್ಚಬಹುದು, ಕೊಯ್ದಾಗ ಸೋರುವ ಹಳದಿ ರಸವನ್ನು ಚೆನ್ನಾಗಿ ತೊಳೆದು ಒಳಗಿನ ಲೋಳೆ ಮಾತ್ರ. ಉರಿಗೆ ಪ್ಯಾರಾಸಿಟಮಾಲ್ ಸಾಕು. ಬೊಕ್ಕೆ ಎದ್ದರೆ ಒಡೆಯಬೇಡಿ. ಬೊಕ್ಕೆ ಜೊತೆ ಜ್ವರ, ವಾಂತಿ, ತಲೆಸುತ್ತು ಬಂದರೆ ಆಸ್ಪತ್ರೆಗೆ ಹೋಗಿ. ತೋಳಿನ ಮೇಲೆ ಉರಿಗಿಂತ ತುರಿಕೆ ಜಾಸ್ತಿ ಇದ್ದು ಸಣ್ಣ ಗುಳ್ಳೆ ಎದ್ದರೆ ಅದು ಬಿಸಿಲಿನ ಅಲರ್ಜಿ ಇರಬಹುದು, ಇಲ್ಲವೇ ಬರೀ ಬೆವರುಸಾಲೆ. ಔಷಧ ಬೇರೆ ಬೇರೆ, ಪಿತ್ತ ಅಂತ ಸುಮ್ಮನಾಗಬೇಡಿ. ಎರಡೂ ಕೆನ್ನೆ ಮೇಲೆ ಹೋಗದ ಕೆಂಪು, ಗಂಟು ನೋವು, ಬಾಯಿ ಹುಣ್ಣು ಒಟ್ಟಿಗೆ ಬಂದರೆ ಮಾತ್ರ ತಡಮಾಡದೆ ರಕ್ತ ಪರೀಕ್ಷೆ ಆಗಬೇಕು.

ಅಣ್ಣನ ಹೆದರಿಕೆಗೆ ಬರುತ್ತೇನೆ. ಅವರು ಇರುವ ಊರಿನ ಲೆಕ್ಕದಲ್ಲಿ ಅವರ ಮಾತು ಸರಿ. ಆಸ್ಟ್ರೇಲಿಯಾದಲ್ಲಿ ಮೂವರಲ್ಲಿ ಇಬ್ಬರಿಗೆ 70 ವರ್ಷ ತುಂಬುವುದರೊಳಗೆ ಯಾವುದೋ ಒಂದು ಬಗೆಯ ಚರ್ಮದ ಕ್ಯಾನ್ಸರ್ ಬರುತ್ತದೆ ಅಂತ ಅಲ್ಲಿನವರು ಹೇಳುತ್ತಾರೆ, ಹೆಚ್ಚಿನವು ಬೇಗ ಹಿಡಿದರೆ ವಾಸಿಯಾಗುವಂಥವು. ಮೋಡದ ಯುರೋಪಿನ ಚರ್ಮ ಹೊತ್ತ ಜನ ಸುಡುವ ಬಿಸಿಲಿನ ದೇಶಕ್ಕೆ ಹೋಗಿ ಬರಿಮೈಯಲ್ಲಿ ಸಮುದ್ರದ ದಡದಲ್ಲಿ ಮಲಗಿದರು, ಅದರ ಫಲ. ಅಂಗಿ ತೊಡಿ, ಕ್ರೀಮು ಹಚ್ಚಿ, ಟೋಪಿ ಹಾಕಿ ಅಂತ 1981ರಲ್ಲಿ ಅಲ್ಲಿ ದೊಡ್ಡ ಪ್ರಚಾರ ಶುರುವಾಯಿತು. ಕ್ವೀನ್ಸ್‌ಲ್ಯಾಂಡಿನ ನಾಂಬೂರ್ ಅನ್ನುವ ಊರಿನಲ್ಲಿ 1992ರಿಂದ 1,621 ಜನರ ಮೇಲೆ ಒಂದು ಅಧ್ಯಯನ ನಡೆಯಿತು. ಅರ್ಧ ಜನ ದಿನಾ ಸನ್‌ಸ್ಕ್ರೀನ್ ಹಚ್ಚಿದರು, ಉಳಿದವರು ಮನಸ್ಸು ಬಂದಾಗ. ದಿನಾ ಹಚ್ಚಿದವರಲ್ಲಿ ಒಂದು ಬಗೆಯ ಚರ್ಮದ ಕ್ಯಾನ್ಸರ್ ಸುಮಾರು ನೂರಕ್ಕೆ 40ರಷ್ಟು ಕಡಿಮೆ ಆಯಿತು. ಆಮೇಲೆ ಇನ್ನೂ ಹತ್ತು ವರ್ಷ ಗಮನಿಸಿದಾಗ ಮೆಲನೋಮ ಅನ್ನುವ ಅಪಾಯದ ಕ್ಯಾನ್ಸರ್ ಅರ್ಧಕ್ಕೆ ಇಳಿದಿತ್ತು. ಅವರು ಹಚ್ಚಿದ್ದು ಎಸ್‌ಪಿಎಫ್ 15ರ ಆಸುಪಾಸಿನದ್ದು.

ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ತುಂಬಾ ಕಡಿಮೆ. ನೀವು ನಮ್ಮ ಸರಾಸರಿಗಿಂತ ಬಿಳಿ, ಆದರೆ ಐರ್ಲೆಂಡಿನವರೂ ಅಲ್ಲ, ಹಾಗಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ. ವರ್ಷಕ್ಕೊಮ್ಮೆ ಕನ್ನಡಿ ಮುಂದೆ ನಿಂತು ಮೈ ಪೂರ್ತಿ ನೋಡಿಕೊಳ್ಳಿ. ಇದ್ದಕ್ಕಿದ್ದಂತೆ ದೊಡ್ಡದಾಗುವ, ಅಂಚು ಸೊಟ್ಟಗಿರುವ, ಎರಡು ಬಣ್ಣದ ಮಚ್ಚೆ, ನಾಲ್ಕು ವಾರ ಕಳೆದರೂ ಮಾಯದ ಹುಣ್ಣು ಕಂಡರೆ ತೋರಿಸಿ. ಅಂಗಾಲನ್ನೂ ನೋಡಿ, ನಮ್ಮವರಿಗೆ ಮೆಲನೋಮ ಬಂದರೆ ಅಲ್ಲಿ ಬರುವುದು ಹೆಚ್ಚು. ನಿಜಕ್ಕೂ ಹೆದರಿ ಕಾಯಬೇಕಾದವರು ಬೇರೆ ಇದ್ದಾರೆ. ಕೂದಲು, ರೆಪ್ಪೆಯೂ ಬಿಳಿ ಇದ್ದು ಕಣ್ಣು ಅತ್ತಿತ್ತ ಓಲಾಡುವ ಮಕ್ಕಳು, ಅಂದರೆ ಆಲ್ಬಿನಿಸಂ ಇರುವವರು. ಅವರಲ್ಲಿ ಮೆಲನಿನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಅಂಥ ಮಗು ನಿಮ್ಮ ಬಳಗದಲ್ಲಿ ಇದ್ದರೆ ಈ ಉತ್ತರದ ಬಟ್ಟೆ-ಟೋಪಿಯ ಭಾಗವನ್ನು ಅವರಿಗೆ ಓದಿ ಹೇಳಿ, ಕಣ್ಣಿನ ಡಾಕ್ಟರಿಗೂ ತೋರಿಸಲಿ. ತೊನ್ನು ಇರುವವರ ಬಿಳಿ ಕಲೆಗಳೂ ಬೇಗ ಸುಡುತ್ತವೆ, ಅವರಿಗೂ ಇದೇ ಕ್ರಮ.

ಹಾಗಾದರೆ ನಿಮ್ಮ ಕೆಲಸ ಇಷ್ಟು. ನಾಳೆಯೇ ಗ್ಲೌಸ್ ಕೊಳ್ಳಿ. ಮಾತ್ರೆ ಕೊಟ್ಟ ಡಾಕ್ಟರಿಗೆ ಫೋನ್ ಮಾಡಿ. ಕ್ರೀಮಿನ ಟ್ಯೂಬನ್ನು ಹಿಡಿದುಕೊಂಡು ಚರ್ಮದ ಡಾಕ್ಟರ ಹತ್ತಿರ ಹೋಗಿ. ಆಂಟಿಗೆ, ಬಿಸಿಗೆ ಒಗ್ಗಿದ್ದೇನೆ ಅಂತ ಹೇಳಿ, ಅದು ಸುಳ್ಳೂ ಅಲ್ಲ. ಮಾತ್ರೆ ಬದಲಾಗಿ ಹದಿನೈದು ದಿನ ಆದ ಮೇಲೆ ಮುಂಗೈ ಹೇಗಿದೆ ಅಂತ ಬರೆಯಿರಿ. ಫೋಟೋ ಕಳಿಸುವುದಾದರೆ ಫಿಲ್ಟರ್ ಹಾಕಬೇಡಿ, ಹಗಲು ಬೆಳಕಿನಲ್ಲಿ ತೆಗೆಯಿರಿ, ನೆರಳಲ್ಲಿ ನಿಂತು.